ನೀಲಿಯಾದರೂ ಸರಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ಅಕ್ಕನ ಆಶೀರ್ವಾದ. ಐವತ್ತೊಂದು ತುಂಬಿದ, ತಲೆಯ ನಡುವೆ ಬಯಲು ಬಿದ್ದ, ನದಿಗಳಿಗೆ ಸೇತುವೆ ಕಟ್ಟಿಸುವ ಗಂಡಸನ್ನು ಗುಬ್ಬಿ ಎಂದು ಕರೆದರೆ ನಿನ್ನ ಕೈಕೆಳಗಿನವರು ನಕ್ಕಾರು. ನಗಲಿ ಬಿಡು. ಈ ಕಾಗದ ಮೊದಲು ನಿನ್ನ ಹಳೆಯ ಬಿಡಾರಕ್ಕೆ ಹೋಗಿ, ಅಲ್ಲಿ ನಾಲ್ಕು ದಿನ ಬಿದ್ದಿದ್ದು, ಆಮೇಲೆ ನೀನೀಗ ಇರುವ ನದಿಯ ದಂಡೆಗೆ ಬರುವಷ್ಟರಲ್ಲಿ ಯಾರ್ಯಾರ ಕೈ ದಾಟಿರುತ್ತದೋ.

ನೀನು ಬರೆದು ನಾಲ್ಕು ತಿಂಗಳಾಯಿತು. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೋ, ಆದರೆ ಕ್ಷಮಿಸು. ಗಾಬರಿಯಾಗಿ ಪಕ್ಕದಂಗಡಿಯ ಗಡಿಯಾರ ರಿಪೇರಿಯವರಿಗೆ ಫೋನ್ ಮಾಡಿದ್ದೆಯಂತೆ. ಅವರು ಬಂದು ವರದಿ ಒಪ್ಪಿಸಿದರು: "ನಿಮ್ ತಮ್ಮ ವಿಚಾರಿಸ್ತಿದ್ರು. ಗುಂಡುಕಲ್ಲಿನ ಹಾಗಿದಾರೆ, ಮಾತು ಮಾತ್ರ ನಿಂತೋಗಿದೆ ಅಂದೆ. ಸರಿ ಹೇಳಿದ್ನಾ?" ಸರಿಯಾಗಿಯೇ ಹೇಳಿದ್ದಾರೆ. ಫೋನಿನಲ್ಲೇ ಹೇಳಿ ಮುಗಿಸೋಣವೆಂದು ನಾನೂ ಮೂರು ಸಲ ನಿನ್ನ ನಂಬರು ಒತ್ತಿ, ರಿಂಗಾಗುವ ಮುಂಚೆ ಇಟ್ಟುಬಿಟ್ಟೆ. ನನಗೆ ಕೆಲವು ಮಾತು ಬಾಯಿಯಲ್ಲಿ ಬರುವುದಿಲ್ಲ. ಕೈಗೆ ಪೆನ್ನು ಕೊಟ್ಟರೆ ನಿಧಾನವಾಗಿ ಬರುತ್ತವೆ.

ನನ್ನ ಮೊಣಕಾಲು ಬೆಳಿಗ್ಗೆ ಎದ್ದಾಗ ತಕರಾರು ತೆಗೆಯುತ್ತದೆ, ಹತ್ತು ಗಂಟೆಯ ಹೊತ್ತಿಗೆ ರಾಜಿಗೆ ಬರುತ್ತದೆ. ಬೆರಳ ತುದಿಗಳು ಬೆಳ್ಳಿಯ ಮದ್ದಿನಿಂದ ಎಂದಿನಂತೆ ಕಪ್ಪು. ನಿನ್ನವಳ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡವೆಂದರೆ ಕೇಳುವ ಹೆಣ್ಣಲ್ಲ ಅವಳು. ನಿನ್ನ ಕೂಸಿಗೆ ಕೆಲಸ ಸಿಕ್ಕಿತೆಂದು ನೀನು ಬರೆದಿದ್ದೆ. ಇಪ್ಪತ್ನಾಲ್ಕು ವರ್ಷದವಳನ್ನು ಕೂಸು ಎನ್ನುವುದು ನನ್ನ ಬಾಯಿಯ ಚಾಳಿ. ಅವಳು ಕೇಳಿದ್ದಕ್ಕೆ ತಾನೇ ನೀನು ಆ ಕಾಗದ ಬರೆದದ್ದು. "ಅಜ್ಜಿ ಹೇಗಿದ್ರು ಅಂತ ಮಗಳು ಕೇಳ್ತಾಳೆ ಅಕ್ಕ. ನನಗೆ ಹೇಳೋಕ್ಕೆ ಏನೂ ಇಲ್ಲ. ಅಮ್ಮನ ಗಾಜು ನಿನ್ನ ಹತ್ರ ಇದೆಯಲ್ಲ, ಒಂದು ಚಿತ್ರ ಹಾಕಿ ಕಳಿಸು. ನೀಲಿಯಾದರೂ ಸರಿ." ಈ ನಾಲ್ಕು ಸಾಲು ನನಗೆ ಬಾಯಿಪಾಠವಾಗಿದೆ.

ಈ ಕಾಗದವನ್ನು ಅವಳೂ ಓದಲಿ. ಅವಳಿಗೆ ಅರ್ಥವಾಗಲೆಂದು ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರಪಡಬೇಡ.

ಅಪ್ಪ ಬಿಟ್ಟುಹೋದ ಸ್ಟುಡಿಯೋದಲ್ಲಿ ನಾನು ಹಳೆಯ ರೀತಿಯಲ್ಲೇ ಚಿತ್ರ ಮಾಡುತ್ತೇನೆ, ಕೂಸೇ. ಜೆಲಾಟಿನ್ನಿಗೆ ಬೆಳ್ಳಿಯ ಉಪ್ಪು ಬೆರೆಸಿ, ಕತ್ತಲಲ್ಲಿ ಗಾಜಿನ ಮೇಲೆ ಬಳಿದು, ಒಣಗಿಸಿ, ಅದರಲ್ಲಿ ಚಿತ್ರ ಹಿಡಿಯುವುದು. ಅದು ನೆಗೆಟಿವ್. ಆಮೇಲೆ ಒಳ್ಳೆಯ ಹತ್ತಿ ಕಾಗದಕ್ಕೆ ಕೈಯಾರೆ ಮದ್ದು ಹಚ್ಚಿ, ಅದರ ಮೇಲೆ ಆ ಗಾಜನ್ನು ಒತ್ತಿ ಬಿಸಿಲಿಗಿಟ್ಟರೆ ಚಿತ್ರ ಮೂಡುತ್ತದೆ. ಹಚ್ಚುವ ಮದ್ದು ಕಬ್ಬಿಣದ್ದಾದರೆ ಚಿತ್ರ ನೀಲಿ, ಅದು ಅಗ್ಗ. ಬೆಳ್ಳಿಯದಾದರೆ ಕಂದು. ಪ್ಲಾಟಿನಂ ಆದರೆ ಇದ್ದಿಲು ಪುಡಿಯನ್ನು ಉಸಿರಿನಿಂದ ಊದಿ ಕೂರಿಸಿದಂಥ ಕಪ್ಪು. ನೀಲಿ ಬಿಸಿಲಿಗೆ ಸೊರಗುತ್ತದೆ, ಬೆಳ್ಳಿ ಸರಿಯಾಗಿ ತೊಳೆಯದಿದ್ದರೆ ಹಳದಿಯಾಗುತ್ತದೆ. ಪ್ಲಾಟಿನಂ ಚಿತ್ರ ಮಾತ್ರ ಕಾಗದ ಇರುವವರೆಗೂ ಇರುತ್ತದೆ.

ಅಮ್ಮನ ಗಾಜಿನಿಂದ ಅಪ್ಪ ಒಂದೇ ಒಂದು ಚಿತ್ರ ಹಾಕಿದ್ದರು, ಬೆಳ್ಳಿಯಲ್ಲಿ. ಗಿರಾಕಿಗಳ ಚಿತ್ರವನ್ನು ಒಂದು ಗಂಟೆ ನೀರಲ್ಲಿ ಬಿಟ್ಟು ತೊಳೆಯುತ್ತಿದ್ದ ಮನುಷ್ಯ ಸ್ವಂತ ಹೆಂಡತಿಯದನ್ನು ಹತ್ತು ನಿಮಿಷ ತೊಳೆದು ಗೋಡೆಗೆ ಹಾಕಿದರು. ಅದು ನಾನು ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ಬರಿಯ ಹಳದಿ ಕಾಗದವಾಗಿತ್ತು. ಅಮ್ಮ ಹೋದ ಮೇಲೆ ಅವರು ಆ ಗಾಜನ್ನು ಮುಟ್ಟಲಿಲ್ಲ. ಕಾಗದದಲ್ಲಿ ಸುತ್ತಿ, "ನನ್ ಕೈಲಾಗಲ್ಲ, ಮುಂದೆ ನೀನ್ ಮಾಡು" ಎಂದು ನನ್ನ ಕೈಗೆ ಕೊಟ್ಟರು.

ಮಾಡುತ್ತೇನೆ ಎಂದಿದ್ದೆ. ಆದರೆ ಮಾಡುವುದಾದರೆ ಪ್ಲಾಟಿನಂನಲ್ಲೇ ಮಾಡಬೇಕೆಂದು ಹಟ ಹಿಡಿದೆ. ಒಮ್ಮೆ ಹಳದಿಯಾಗಿ ಹೋದವಳು ಇನ್ನೊಮ್ಮೆ ಹೋಗಬಾರದು ನೋಡು. ಪ್ರತಿ ವರ್ಷ ರಸಾಯನದ ಅಂಗಡಿಗೆ ಹೋಗಿ ಪ್ಲಾಟಿನಂ ಎಷ್ಟು ಎಂದು ಕೇಳುವುದು, ಅಂಗಡಿಯವರು ಹೇಳುವುದು, ನಾನು ಬಾಯಿ ಮುಚ್ಚಿಕೊಂಡು ಬೆಳ್ಳಿ ತೆಗೆದುಕೊಂಡು ಬರುವುದು. ಮುಂದಿನ ವರ್ಷ ಇಳಿದೀತು. ಇಳಿಯಲಿಲ್ಲ. ಅದು ಹಾಳಾಗಲಿ, ಬೆಳ್ಳಿಯೂ ಏರಿತು. ಮೂರು ವರ್ಷದಿಂದ ಬೆಳ್ಳಿಗೆ ಏನು ಭೂತ ಹಿಡಿದಿದೆಯೋ ಗೊತ್ತಿಲ್ಲ.

"ಅಮ್ಮಾ, ರೇಟು ನಾನಿಟ್ಟಿದ್ದಲ್ಲ," ಅನ್ನುತ್ತಾರೆ ಅಂಗಡಿಯವರು. "ಬೆಳಿಗ್ಗೆ ಒಂದ್ ಹೇಳ್ತೀನಿ, ಸಂಜೆ ನೀವ್ ಬಂದ್ರೆ ಇನ್ನೊಂದಾಗಿರುತ್ತೆ. ನನ್ ಮೇಲೆ ಸಿಟ್ಟಾಗ್ಬೇಡಿ."

"ಮತ್ಯಾರ ಮೇಲಾಗ್ಲಿ?"

"ಭೂಮಿ ಮೇಲಾಗಿ. ಇನ್ನಷ್ಟು ಬೆಳ್ಳಿ ಇಟ್ಕೋಬೇಕಿತ್ತು ಅದು."

ನಗುತ್ತಾ ಹೇಳುತ್ತಾರೆ, ನಗುತ್ತಾ ತೂಗುತ್ತಾರೆ. ತಕ್ಕಡಿ ಮಾತ್ರ ನಗುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಪ್ಪ ದಿನಕ್ಕೆರಡು ಸಲ ಹೇಳುತ್ತಿದ್ದರು. ಹಾಸಿಗೆಯೇ ವಾರಕ್ಕೊಂದು ಗೇಣು ಕುಗ್ಗುತ್ತಾ ಹೋದರೆ ಕಾಲನ್ನು ಎಲ್ಲಿಡಬೇಕೋ ಅವರು ಹೇಳಿಕೊಡಲಿಲ್ಲ. ನಾನೇ ಕಲಿತೆ. ಮದ್ದು ಹಚ್ಚುವ ಬ್ರಷ್ಷು ಅರ್ಧ ಮದ್ದನ್ನು ತಾನೇ ಕುಡಿಯುತ್ತದೆ, ಅದನ್ನು ಬಿಟ್ಟು ಗಾಜಿನ ಕಡ್ಡಿಯಲ್ಲಿ ಎಳೆಯುವುದನ್ನು ರೂಢಿ ಮಾಡಿಕೊಂಡೆ. ಇಪ್ಪತ್ತು ಹನಿ ಬೇಕಾದ ಕಡೆ ಹದಿಮೂರರಲ್ಲಿ ಮುಗಿಯುತ್ತದೆ. ಬಿಸಿಲು ಎಷ್ಟು ಹೊತ್ತು ಬೇಕೆಂದು ನೋಡಲು ಅಂಗೈಯಗಲ ಕಾಗದ ಹಾಳು ಮಾಡುತ್ತಿದ್ದವಳು ಈಗ ಬೆರಳಗಲಕ್ಕಿಳಿದೆ. ತೊಳೆದ ನೀರನ್ನು ಚೆಲ್ಲದೆ ಜಾಡಿಯಲ್ಲಿಟ್ಟು, ತಳದಲ್ಲಿ ಕೂತ ಬೆಳ್ಳಿಯ ಕೆಸರನ್ನು ಕರಗಿಸುವವರಿಗೆ ಕೊಟ್ಟು ಬರುತ್ತೇನೆ. ದೊಡ್ಡ ಚಿತ್ರ ಬೇಕೆಂದು ಬಂದವರಿಗೆ ಚಿಕ್ಕದರಲ್ಲೇ ಚೆಂದ ಎಂದು ನಂಬಿಸುವ ಕಲೆಯೂ ಬಂದಿದೆ. "ದೂರದಿಂದ ನೋಡೋ ಚಿತ್ರ ಅಲ್ಲ ಇದು, ಹತ್ರ ಬಂದು ನೋಡಬೇಕು" ಎನ್ನುತ್ತೇನೆ. ಬರುತ್ತಾರೆ, ನೋಡುತ್ತಾರೆ, ಒಪ್ಪುತ್ತಾರೆ. ಪಾಪ.

ಗಾಜಿನ ವಿಷಯ ಬಂತು. ಗಾಜಿನಂಗಡಿಯವರು ನನಗೆ ಬೇಕಾದ ತೆಳ್ಳನೆಯ ಗಾಜು ತರಿಸುವುದನ್ನು ನಿಲ್ಲಿಸಿದರು. ಬೇರೆ ಕಡೆ ಹುಡುಕಿ ಕತ್ತರಿಸಿದರೆ ಹತ್ತರಲ್ಲಿ ಮೂರು ಒಡೆಯುತ್ತಿದ್ದವು, ಒಡೆದದ್ದಕ್ಕೂ ದುಡ್ಡು ನನ್ನದೇ. ಹೋದ ಬೇಸಿಗೆಯಲ್ಲಿ ನನಗೊಂದು ಉಪಾಯ ಹೊಳೆಯಿತು. ಒಳಕೋಣೆಯಲ್ಲಿ ನಾಲ್ಕು ಪೆಟ್ಟಿಗೆ ತುಂಬ ನನ್ನ ಪರೀಕ್ಷೆಯ ಗಾಜುಗಳಿದ್ದವು. ಹೊಸ ಜೆಲಾಟಿನ್ ಕುದಿಸಿದಾಗಲೆಲ್ಲ ಸರಿಯಾಗಿದೆಯೇ ನೋಡಲು ಒಂದು ಚಿತ್ರ ತೆಗೆಯಬೇಕಲ್ಲ. ಅದಕ್ಕೆ ಬಂದು ಕೂರುವವರು ಯಾರು? ನಾನೇ ಕೂತು, ಉದ್ದನೆಯ ತಂತಿ ಒತ್ತಿ, ನನ್ನ ಚಿತ್ರ ನಾನೇ ತೆಗೆದುಕೊಳ್ಳುತ್ತಿದ್ದೆ. ನಲವತ್ತು ವರ್ಷಗಳುದ್ದಕ್ಕೂ ನನ್ನದೇ ಮುಖ, ಯಾರಿಗೂ ಬೇಡದ್ದು, ಆದರೆ ಗಾಜು ಮಾತ್ರ ಹಳೆಯ ಕಾಲದ ಚಿನ್ನದಂಥ ಗಾಜು. ಅಪ್ಪನ ಕಾಲದಲ್ಲಿ ತರಿಸಿದ್ದು, ಒಂದೇ ಸಮ, ಒಂದು ಗುಳ್ಳೆಯಿಲ್ಲ. ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿದರೆ ಜೆಲಾಟಿನ್ ಉಬ್ಬಿ, ಕಾದ ಹಾಲಿನ ಕೆನೆಯ ಹಾಗೆ ಮಡಿಸಿಕೊಂಡು ಬಂದುಬಿಡುತ್ತದೆ. ಎರಡು ತಿಂಗಳಲ್ಲಿ ನೂರ ಎಂಬತ್ತು ಗಾಜು ತೊಳೆದೆ. ಒಂದು ವರ್ಷ ಗಾಜಿನಂಗಡಿಯ ಮುಖ ನೋಡಬೇಕಾಗಿಲ್ಲವೆಂದು ಹಿಗ್ಗಿ, ಗಡಿಯಾರದವರಿಗೆ ಟೀ ಕೊಡಿಸಿದೆ.

ಅದಾಗಿ ಆರು ತಿಂಗಳಿಗೆ ನಿನ್ನ ಕಾಗದ ಬಂತು.

ಕೈ ನೋಯುತ್ತಿದೆ. ಉಳಿದದ್ದು ನಾಳೆ.

ಮಾರ್ಚ್ ೧೧, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ. ಕೂತೆ, ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಎದ್ದು ಹೋಗಿ ನೆಲ ಒರೆಸಿದೆ. ನೆಲವೀಗ ಕನ್ನಡಿಯಂತಿದೆ.

ನಿನ್ನ ಕಾಗದ ಓದಿದ ದಿನ ನನಗೆ ನಾಚಿಕೆಯಾಯಿತು, ಗುಬ್ಬಿ. 'ನೀಲಿಯಾದರೂ ಸರಿ.' ನೀಲಿಯನ್ನು ನಾನು ಯಾವ ದಿನ ಬೇಕಾದರೂ ಹಾಕಿ ಕಳಿಸಬಹುದಿತ್ತು. ಎರಡು ಲೋಟ ಕಾಫಿಯ ಖರ್ಚು. ನೀನು ಮೊದಲ ಸೇತುವೆಗೆ ಹೊರಟಾಗ ಕಳಿಸಬಹುದಿತ್ತು, ಮದುವೆಯಾದಾಗ, ಕೂಸು ಹುಟ್ಟಿದಾಗ. ನಿನ್ನ ಮೇಜಿನ ಮೇಲೆ ಇಷ್ಟು ವರ್ಷ ಅಮ್ಮ ನೀಲಿ ಬಣ್ಣದಲ್ಲಾದರೂ ಕೂತಿರುತ್ತಿದ್ದಳು. ಸೊರಗಿದ್ದರೆ ಇನ್ನೊಂದು ಹಾಕಿದರಾಯಿತು, ಗಾಜಿತ್ತಲ್ಲ. ಒಳ್ಳೆಯದನ್ನೇ ಕೊಡಬೇಕೆಂದು ಹೊರಟು, ಕೊಡುವುದನ್ನೇ ಮರೆತೆ.

ಆದರೆ ಬುದ್ಧಿ ಬಂತೆಂದುಕೊಂಡೆಯಾ? ಇಲ್ಲ. ಈಗಲಾದರೂ ಪ್ಲಾಟಿನಂನಲ್ಲೇ ಮಾಡಿ ನಿನ್ನನ್ನು ಬೆಚ್ಚಿಬೀಳಿಸುತ್ತೇನೆಂದು ಹೊರಟೆ. ಆಗಲೇ ಒಂದು ದೊಡ್ಡ ಹೋಟೆಲಿನ ಕೆಲಸ ಬಂತು. ಅರವತ್ತು ಕೋಣೆಗೆ ಅರವತ್ತು ಚಿತ್ರ, ನೀಲಿಯಲ್ಲಿ, ಎಲೆಗಳದ್ದು. ಮದ್ದು ಹಚ್ಚಿದ ಕಾಗದದ ಮೇಲೆ ನಿಜವಾದ ಎಲೆಯನ್ನೇ ಇಟ್ಟು ಬಿಸಿಲಿಗೆ ಹಿಡಿದರೆ, ನೀಲಿಯ ನಡುವೆ ಎಲೆ ಬೆಳ್ಳಗೆ ಉಳಿಯುತ್ತದೆ. ಹೋಟೆಲಿನ ಮ್ಯಾನೇಜರು ಮೊದಲ ಚಿತ್ರವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದರು.

"ಚೆನ್ನಾಗಿದೆ ಮೇಡಂ. ಆದ್ರೆ ಎಲೆ ಅಲ್ವಾ, ಹಸಿರಲ್ಲಿ ಬರಲ್ವಾ?"

"ಹಸಿರು ಬೇಕಾದ್ರೆ ಗಿಡ ಇಡಿ ಸಾರ್."

ಪಕ್ಕದಲ್ಲಿದ್ದ ಗಡಿಯಾರದವರು ಕೆಮ್ಮು ಬಂದವರಂತೆ ಆಚೆ ಹೋದರು. ನನ್ನ ಬಾಯಿಂದ ಕೆಲಸ ಕೈತಪ್ಪುತ್ತದೆಂದು ಹೆದರಿದ್ದರು. ತಪ್ಪಲಿಲ್ಲ. ಏಳು ವಾರ ಎಲೆ ಒತ್ತಿ, ತೊಳೆದು, ಒಣಗಿಸಿದೆ. ಬಂದದ್ದರಲ್ಲಿ ಬಾಡಿಗೆ ಕಳೆದು ಉಳಿದದ್ದನ್ನೆಲ್ಲ ತೆಗೆದುಕೊಂಡು ಹೋಗಿ ರಸಾಯನದ ಅಂಗಡಿಯವರ ಮುಂದಿಟ್ಟೆ. ಇಷ್ಟು ವರ್ಷ ಬರಿಯ ರೇಟು ಕೇಳಿ ಹೋಗುತ್ತಿದ್ದವಳು ಪ್ಲಾಟಿನಂ ಕೊಡಿ ಅಂದದ್ದಕ್ಕೆ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಯಾರಿಗಮ್ಮಾ ಇಷ್ಟು ದೊಡ್ ಗಿರಾಕಿ?"

"ನಮ್ಮಮ್ಮ," ಅಂದೆ.

ಶೀಶೆ ಜನವರಿಯಲ್ಲಿ ಬಂತು. ಕಿರುಬೆರಳಿನಷ್ಟಿದೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಮನೆಗೆ ನಡೆದು ಬರುವಾಗ, ರಸ್ತೆ ದಾಟುವಾಗ ಕೂಡ, ಯಾರೋ ಎಳೆಮಗುವನ್ನು ಕೈಗೆ ಕೊಟ್ಟಂತೆ ನಡೆದೆ. ಎರಡು ದಿನ ಕಾಗದ ಆರಿಸಿದೆ. ಹನಿ ಲೆಕ್ಕ ಮಾಡಿಟ್ಟೆ. ಆಮೇಲೆ ಒಳಕೋಣೆಗೆ ಹೋಗಿ ಅಮ್ಮನ ಗಾಜಿಗೆ ಕೈ ಹಾಕಿದೆ. ಇರಲಿಲ್ಲ.

ಮೊದಲು ಹೆದರಿಕೆಯಾಗಲಿಲ್ಲ. ಎಲ್ಲೋ ಇದ್ದೀತು. ಎರಡು ವರ್ಷದ ಕೆಳಗೆ ಮೇಲಿನ ಟ್ಯಾಂಕು ಸೋರಿ ಒಳಕೋಣೆಯ ಗೋಡೆಯೆಲ್ಲ ಒದ್ದೆಯಾಗಿತ್ತು. ಗಡಿಯಾರದವರೂ ನಾನೂ ಸೇರಿ ಪೆಟ್ಟಿಗೆಗಳನ್ನೆಲ್ಲ ಎತ್ತಿ ಈಚೆ ತಂದಿದ್ದೆವು. ಆಗ ಅತ್ತಿತ್ತ ಆಗಿರಬೇಕೆಂದು ಅಪ್ಪನ ಪೆಟ್ಟಿಗೆಗಳನ್ನು ಬಿಚ್ಚಿದೆ. ಊರಿನವರೆಲ್ಲರ ಮದುಮಕ್ಕಳಿದ್ದರು, ಗುಂಗುರು ಕೂದಲ ಮಕ್ಕಳಿದ್ದರು, ಬಹುಮಾನ ಗೆದ್ದ ಒಂದು ನಾಯಿಯೂ ಇತ್ತು. ಅಮ್ಮ ಇರಲಿಲ್ಲ. ಹನ್ನೊಂದು ದಿನ ಹುಡುಕಿದೆ. ಬೀರುವಿನ ಹಿಂದೆ, ಮಂಚದ ಕೆಳಗೆ, ಹಿಟ್ಟಿನ ಡಬ್ಬದ ಹಿಂದೆ ಕೂಡ. ಅಲ್ಲಿರಲು ಸಾಧ್ಯವೇ ಇಲ್ಲವೆಂದು ಗೊತ್ತಿದ್ದ ಜಾಗಗಳಲ್ಲೇ ಹೆಚ್ಚು ಹುಡುಕಿದೆ. ಹುಡುಕುತ್ತಲೇ ನೆನಪಾಯಿತು. ಆವತ್ತು ಅಮ್ಮನ ಗಾಜಿಗೆ ಸುತ್ತಿದ್ದ ಕಾಗದ ನೆನೆದಿತ್ತು. ಗಾಜು ಕೆಡಬಾರದೆಂದು ಕಾಗದ ತೆಗೆದು ಎಸೆದು, ಒಣಗಿದ ಮೇಲೆ ಕೈಗೆ ಸಿಕ್ಕ ಪೆಟ್ಟಿಗೆಯಲ್ಲಿಟ್ಟಿದ್ದೆ. ಹೊಸ ಕಾಗದ ನಾಳೆ ಸುತ್ತಿದರಾಯಿತು ಅಂತ.

ಆ ಗಾಜಿಗೊಂದು ಗುರುತಿತ್ತು. ಎಡಗಡೆ ಕೆಳಮೂಲೆ ಒಂದು ಚೂರು ಒಡೆದಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ, ತೊಳೆದು ಒರೆಸಿ ಸಾಲಾಗಿ ನಿಲ್ಲಿಸಿದ್ದ ಗಾಜುಗಳ ಮುಂದೆ ಕೂತು ಒಂದೊಂದೇ ತೆಗೆದು ನೋಡಿದೆ. ಎಪ್ಪತ್ತನೆಯದೋ ಎಪ್ಪತ್ತೊಂದನೆಯದೋ ಕೈಗೆ ಬಂದಾಗ ಹೆಬ್ಬೆರಳಿಗೆ ಚುರಕ್ಕೆಂದಿತು. ಎಡಗಡೆ, ಕೆಳಮೂಲೆ. ಎತ್ತಿ ಹಿಡಿದರೆ ಆಚೆಯ ಬೀದಿ ಸ್ವಚ್ಛವಾಗಿ ಕಾಣುತ್ತಿತ್ತು. ಬೇಕರಿಯವರು ಬಾಗಿಲ ಮುಂದೆ ನೀರು ಹಾಕುತ್ತಿದ್ದರು.

ಅಮ್ಮನ ಗಾಜನ್ನು ನಾನೇ ತೊಳೆದುಬಿಟ್ಟೆ, ಗುಬ್ಬಿ. ಹೋದ ಬೇಸಿಗೆಯಲ್ಲಿ, ನೂರ ಎಂಬತ್ತರಲ್ಲಿ ಒಂದಾಗಿ. ಇದು ಗೊತ್ತಾದ ಮೇಲೆ ಹೇಳಲು ಒಂದೂವರೆ ತಿಂಗಳು ಬೇಕಾಯಿತು.

ಗಡಿಯಾರದವರು ಎಂದಿನಂತೆ ಹತ್ತು ಗಂಟೆಗೆ ಟೀ ತಂದರು. ನಾನು ನೆಲದ ಮೇಲೆ ಕೂತಿದ್ದೆ.

"ಏನಾಯ್ತು?"

ಗಾಜು ತೋರಿಸಿದೆ.

"ಖಾಲಿ ಗಾಜಲ್ವಾ?"

"ಹೌದು."

"ಖಾಲಿ ಗಾಜು ಹಿಡ್ಕೊಂಡು ಯಾಕ್ರೀ ಅಳ್ತೀರಾ?"

"ಅಮ್ಮ ಇದ್ದಳು ಇದ್ರಲ್ಲಿ."

ಅವರು ಟೀ ಕೆಳಗಿಟ್ಟರು. ಹೋಗಿ ತಮ್ಮ ಅಂಗಡಿಯ ಷಟರು ಎಳೆದು ಬಂದರು. ಹಾಡಹಗಲಲ್ಲಿ ಅವರು ಷಟರು ಎಳೆದದ್ದನ್ನು ನಾನು ಕಂಡಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಟೀಯನ್ನು ನನ್ನ ಹತ್ತಿರಕ್ಕೆ ಸರಿಸಿದರು. ಆಮೇಲೆ ಹೇಳಿದರು:

"ನನ್ ಕೈಲೂ ಎಷ್ಟೋ ಜನರ ಅಪ್ಪನ ವಾಚು ಹಾಳಾಗಿದೆ. ಸರಿ ಮಾಡ್ತೀನಿ ಅಂತ ಬಿಚ್ಚಿದೆ, ಜೋಡಿಸೋಕ್ಕೆ ಬರ್ಲಿಲ್ಲ. ಹೋಗಿ ಹೇಳ್ದೆ. ಕೆಲವರು ಬೈದ್ರು. ಒಬ್ರು ಅಲ್ಲೇ ಕೂತು ಅತ್ರು. ಅವರೆಲ್ಲ ಇವತ್ತಿಗೂ ಸಿಕ್ಕಿದ್ರೆ ಮಾತಾಡಿಸ್ತಾರೆ. ಇಬ್ಬರಿಗೆ ಮಾತ್ರ ಹೇಳ್ಲಿಲ್ಲ, ಇನ್ನೊಂದ್ ಮೆಷೀನು ಹಾಕಿ ಕೊಟ್ಬಿಟ್ಟೆ. ಅವರು ಎದುರಿಗೆ ಬಂದ್ರೆ ಈಗ್ಲೂ ನಾನೇ ರಸ್ತೆ ದಾಟ್ತೀನಿ. ನಿಮ್ ತಮ್ಮನಿಗೆ ಹೇಳ್ಬಿಡಿ."

"ನೋಡ್ದೇ ತೊಳೆದ್ಬಿಟ್ಟೆ ಅಂತ ಹೇಗ್ ಹೇಳ್ಲಿ?"

"ಹಾಗೇ ಹೇಳಿ."

ಅದನ್ನೇ ಹೇಳುತ್ತಿದ್ದೇನೆ. ಮಿಂಚಿಹೋದದ್ದಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತಾರೆ. ಹಾಗಂದವರು ಯಾರೂ ಗಾಜು ತೊಳೆದವರಲ್ಲ. ಆ ಬೇಸಿಗೆಯಲ್ಲಿ ಗಾಜು ತೊಳೆದ ನೀರಿನ ಕೆಸರು ತುಂಬಿದ ಜಾಡಿ ಇನ್ನೂ ಕಪಾಟಿನಲ್ಲಿದೆ. ಇವತ್ತಿನ ರೇಟಿಗೆ ಅದರಲ್ಲಿ ಎರಡು ತಿಂಗಳ ಬೆಳ್ಳಿಯಿದೆ. ಕರಗಿಸುವವರಿಗೆ ಕೊಡಲು ಮನಸ್ಸು ಬರುತ್ತಿಲ್ಲ, ಕೊಡುವುದೂ ಇಲ್ಲ.

ಪ್ಲಾಟಿನಂ ಹಾಗೇ ಉಳಿಯಿತು. ಹೋದ ವಾರ ಅದರಲ್ಲಿ ಒಂದು ಚಿತ್ರ ಹಾಕಿದೆ. ಈ ಕಾಗದದ ಜೊತೆ ಎರಡು ರಟ್ಟಿನ ನಡುವೆ ಇಟ್ಟು ಕಳಿಸುತ್ತಿದ್ದೇನೆ, ಮಡಿಸಬೇಡ. ಬಿಚ್ಚಿದರೆ ನನ್ನ ಮೋರೆ ಕಂಡು ನೀನು ನಕ್ಕೀಯೆ. ಇಷ್ಟು ಬೆಲೆಯ ಮದ್ದಿನಲ್ಲಿ ಈ ಮುದುಕಿಯನ್ನು ಯಾಕೆ ಹಾಕಿದಳೋ ಅನ್ನಿಸೀತು. ಮದ್ದು ಹಾಗೇ ಬಿಟ್ಟರೆ ಕೆಟ್ಟುಹೋಗುತ್ತದೆ, ಅದಕ್ಕೆ ಹಾಕಿದೆ ಅಂದುಕೋ. ಈ ಸಲ ಒಬ್ಬಳೇ ಕೂತು ತಂತಿ ಒತ್ತಲು ಮನಸ್ಸಾಗಲಿಲ್ಲ. ಗಡಿಯಾರದವರೇ ಕ್ಯಾಮೆರಾದ ಮುಚ್ಚಳ ತೆಗೆದು ಹಾಕಿದರು.

"ಹನ್ನೊಂದು ಸೆಕೆಂಡು. ಲೆಕ್ಕ ತಪ್ಪಬಾರದು," ಅಂದೆ.

"ನಲವತ್ತು ವರ್ಷದಿಂದ ಸೆಕೆಂಡೇ ನೋಡ್ತಿದೀನಿ. ನನಗೇ ಹೇಳ್ತೀರಾ? ಸುಮ್ನೆ ಕೂತ್ಕೊಳ್ಳಿ. ಅಷ್ಟೊಂದು ಬಿಗಿಯಾಗಿ ಬೇಡ, ಸಾಲ ಕೇಳಕ್ಕೆ ಬಂದೋರ ಥರ ಕಾಣ್ತೀರಾ."

ಹಾಗಾಗಿ ಚಿತ್ರದಲ್ಲಿ ಬಾಯಿ ತುಸು ಸಡಿಲವಾಗಿದೆ. ನಗುವೆಂದು ತಿಳಿದರೂ ತಪ್ಪಿಲ್ಲ.

ಸ್ಟುಡಿಯೋ ನಡೆಯುತ್ತದೆ, ಚಿಂತೆ ಮಾಡಬೇಡ. ಹೋಟೆಲಿನವರು ಇನ್ನೊಂದು ಮಹಡಿಗೂ ಎಲೆ ಬೇಕೆಂದಿದ್ದಾರೆ. ಬೆಳ್ಳಿಯ ಕೆಲಸವನ್ನು ತಿಂಗಳಿಗೆ ನಾಲ್ಕಕ್ಕೆ ಇಳಿಸಿದ್ದೇನೆ. ಆರು ವರ್ಷದ ಕೆಳಗೆ ಬಂದಾಗ ನೀನು, "ಇದನ್ನೆಲ್ಲ ಮುಚ್ಚಿ ನಮ್ಮ ಜೊತೆ ಬಾ, ಈ ಗಾಜಿಗೋಸ್ಕರ ಒಬ್ಬಳೇ ಯಾಕೆ ಸಾಯ್ತೀಯ" ಅಂದೆ. ನಾನು, "ಗಾಜು ನಿನ್ನ ಹಾಗೆ ಊರೂರು ತಿರುಗಲ್ಲ" ಅಂದುಬಿಟ್ಟೆ. ನೀನು ಎರಡನೆಯ ದಿನಕ್ಕೇ ಹೊರಟೆ. ಬಸ್ಸಿನ ಕಿಟಕಿಯಲ್ಲಿ ನಿನ್ನ ಕಿವಿ ಮಾತ್ರ ಕಾಣುತ್ತಿತ್ತು, ತಿರುಗುತ್ತೀಯೇನೋ ಎಂದು ಬಸ್ಸು ಮೂಲೆ ತಿರುಗುವವರೆಗೂ ನೋಡಿದೆ. ಆ ಮಾತಿಗೂ ಇದರಲ್ಲೇ ಕ್ಷಮೆ ಸೇರಿಸಿಕೋ.

ನಿನ್ನವಳು ಹುಷಾರಾಗಲಿ. ಕೂಸು ಹಿಡಿದ ಕೆಲಸದಲ್ಲಿ ಮೇಲೆ ಬರಲಿ. ನೀನು ಕಟ್ಟಿದ ಸೇತುವೆಗಳ ಮೇಲೆ ಜನ ನೂರು ಕಾಲ ಓಡಾಡಲಿ, ನೀನೂ ಓಡಾಡು, ಒಂದು ಸಲವಾದರೂ ಈ ಕಡೆಗೆ.

ಇತಿ,
ನಿನ್ನ ಅಕ್ಕ

ಮತ್ತೆ: ಲಕೋಟೆ ಅಂಟಿಸಿ ಆಗಿತ್ತು, ಹಬೆಗೆ ಹಿಡಿದು ಬಿಚ್ಚಿದೆ. ಮದ್ದು ಕೆಡುತ್ತದೆಂದು ಚಿತ್ರ ಹಾಕಿದೆ ಅಂದದ್ದು ಸುಳ್ಳು. ನೋಡದೆ ತೊಳೆದೆ ಎಂದು ಗಡಿಯಾರದವರಿಗೆ ಹೇಳಿದ್ದೂ ಸುಳ್ಳು. ಒಂದೊಂದು ಗಾಜನ್ನೂ ಬಿಸಿನೀರಿಗೆ ಬಿಡುವ ಮುಂಚೆ ಕಿಟಕಿಗೆ ಹಿಡಿದು ನೋಡುತ್ತಿದ್ದೆ. ಅಮ್ಮನನ್ನೂ ನೋಡಿದೆ. ನೀನು ಪತ್ರಿಕೆ ಓದುವಷ್ಟು ಸಲೀಸಾಗಿ ನಾನು ನೆಗೆಟಿವ್ ಓದುತ್ತೇನೆ. ಮೂವತ್ತು ದಾಟಿದ ಹೆಂಗಸು, ಕತ್ತು ಕೊಂಚ ವಾಲಿಸಿ, ಬಾಯಿ ಬಿಗಿಹಿಡಿದು ಕೂತಿದ್ದಳು. ನಾನೇ ಅಂದುಕೊಂಡೆ. ಆ ವಯಸ್ಸಿನ ನಾನು. ಇವಳದೇನು ಮಹಾ ಎಂದು ನೀರಿಗೆ ಬಿಟ್ಟೆ. ಅಮ್ಮ ಹೋದಾಗ ನಿನಗೆ ಮೂರು ವರ್ಷ, ನಿನಗೆ ನೆನಪಿಲ್ಲದ್ದು ತಪ್ಪಲ್ಲ. ನನಗೆ ಹದಿನಾಲ್ಕು. ಅವಳ ಮುಖ ನನಗೆ ಕಣ್ಣಿಗೆ ಕಟ್ಟಿದಂತಿದೆ ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೆ! ಗಾಜು ಕೈಯಲ್ಲಿದ್ದಾಗಲೂ ಗುರುತು ಸಿಗಲಿಲ್ಲ. ನಾನು ಅವಳನ್ನು ಮರೆತಿದ್ದೆ, ಗುಬ್ಬಿ, ಎಂದೋ. ಕೂಸು ಕೇಳಿದರೆ ಈ ಚಿತ್ರ ತೋರಿಸು. ಅಜ್ಜಿ ಅರವತ್ತೆರಡರವರೆಗೆ ಬದುಕಿದ್ದರೆ ಹೀಗಿರುತ್ತಿದ್ದಳು ಅನ್ನು. ನೀನು ಚಿಕ್ಕವನಿದ್ದಾಗ ನಿದ್ದೆಗಣ್ಣಲ್ಲಿ ನನ್ನ ಸೆರಗು ಹಿಡಿದು ಅಮ್ಮಾ ಅನ್ನುತ್ತಿದ್ದೆ. ಅವಳ ಜಾಗ ನಾನು ಕಿತ್ತುಕೊಳ್ಳಬಾರದೆಂದು ಪ್ರತಿ ಸಲ ಗದರಿ, ಅಕ್ಕ ಅನ್ನು, ಅಕ್ಕ ಅನ್ನು ಎಂದು ತಿದ್ದಿದೆ. ನೀನು ಅತ್ತುಕೊಂಡೇ ಕಲಿತೆ. ರಜೆ ಸಿಕ್ಕರೆ ಬಾ. ಈ ಸಲ ಏನೆಂದು ಕರೆದರೂ ತಿದ್ದುವುದಿಲ್ಲ.